ಮಣ್ಣಿನ ಬ್ಲಾಕ್: ಸಿಮೆಂಟಿಗಿಂತ ತಕ್ಕಡಿ ಮುಖ್ಯ

ಮಣ್ಣಿನ ಬ್ಲಾಕ್‌ನ ನಮ್ಮ ಗೋಡೆ ಮೂರು ಮಳೆಗಾಲ ದಾಟಿದೆ, ಹೊರಗಡೆ ಬಹುಪಾಲು ಗಾರೆ ಇಲ್ಲದೆ. ಮಣ್ಣಿಗೆ ಒಂದಿಷ್ಟು ಸಿಮೆಂಟ್ ಬೆರೆಸಿ, ಯಂತ್ರದಲ್ಲಿ ಒತ್ತಿ, ಸುಡದೆ ಮಾಡಿದ ಬ್ಲಾಕ್ ಇದು. ‘ಮೊದಲ ಮಳೆಗೇ ಕರಗಿ ಚರಂಡಿ ಸೇರುತ್ತೆ’ ಅಂದಿದ್ದ ಮೇಸ್ತ್ರಿಗಳೇ ಈಗ ಮಿಶ್ರಣದ ಅಳತೆ ಕೇಳುತ್ತಿದ್ದಾರೆ. ಹಾಗಾಗಿ ಬರೆದಿಡುತ್ತಿದ್ದೇನೆ. ಬ್ಲಾಕ್ ಒತ್ತುವ ಮರ್ದಿನಿ ಎಂಬ ಕೈಯಂತ್ರದ ಹಿಡಿಕೆ ಎಳೆದು ಗೊತ್ತಿರುವವರಿಗೆ ಇದು ಸಾಕು.

ವಿಧಾನ ನಮ್ಮದಲ್ಲ, ಭಾರತೀಯ ವಿಜ್ಞಾನ ಸಂಸ್ಥೆಯದು. ಎ.ಕೆ.ಎನ್. ರೆಡ್ಡಿ ಮುಂದಾಳತ್ವದಲ್ಲಿ 1974ರಲ್ಲಿ ಶುರುವಾದ, ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನ ರೂಪಿಸುವ ‘ಅಸ್ತ್ರ’ ವಿಭಾಗದವರು ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಕೇಂದ್ರ ಮಾಡಿಕೊಂಡು ಒಲೆ, ಗೋಬರ್ ಗ್ಯಾಸ್, ಮಣ್ಣಿನ ಮನೆ ಎಲ್ಲಕ್ಕೂ ಕೈಹಾಕಿದ್ದರು. ಗೂಡಿನಲ್ಲಿ ಸುಟ್ಟ ಇಟ್ಟಿಗೆಗೆ ಹೋಲಿಸಿದರೆ, ಅಷ್ಟೇ ಗಾತ್ರದ ಮಣ್ಣಿನ ಬ್ಲಾಕ್‌ಗೆ ಬೇಕಾಗುವ ಶಕ್ತಿ ಸುಮಾರು ನಾಲ್ಕನೇ ಒಂದು ಭಾಗ ಎಂಬುದು ಅಲ್ಲಿನ ಕೆ.ಎಸ್. ಜಗದೀಶ್, ಬಿ.ವಿ. ವೆಂಕಟರಾಮ ರೆಡ್ಡಿ ಅವರ ಲೆಕ್ಕ. ಇಂಗಾಲ ಇಳಿಸುವ ಮಾತು ಈಗ ಜಗತ್ತಿನ ತುಂಬ ಕೇಳಿಸುತ್ತದೆ. ಇವರು ಅದಕ್ಕೆ ಬಹಳ ಮೊದಲೇ ಯಂತ್ರ ಮಾಡಿಟ್ಟಿದ್ದರು.

ಮೊದಲ ಸುತ್ತಿನ ಆರುನೂರು ಚಿಲ್ಲರೆ ಬ್ಲಾಕ್ ಹಾಳು. ಪಾಯದಿಂದ ತೆಗೆದ ಕೆಂಪು ಮಣ್ಣನ್ನು ಹಾಗೇ ಜರಡಿ ಹಿಡಿದು ಹಾಕಿದ್ದೆವು. ಅದನ್ನೇ ಗಾಜಿನ ಜಾಡಿಯ ನೀರಲ್ಲಿ ಕಲಕಿ ಒಂದು ದಿನ ಬಿಟ್ಟು ನೋಡಿದರೆ ಜೇಡಿ ಹತ್ತಿರ ಹತ್ತಿರ ಶೇ 30. ನೆರಳಲ್ಲಿಟ್ಟರೂ ನಾಲ್ಕನೇ ದಿನಕ್ಕೆ ಕೂದಲೆಳೆ ಬಿರುಕು. ಸಿಮೆಂಟ್ ಶೇ 10ಕ್ಕೆ ಏರಿಸಿದ್ದು ಶುದ್ಧ ದಂಡ, ಬಿರುಕು ಹಾಗೇ ಉಳಿಯಿತು. ಮಣ್ಣಿಗೆ ಸಮಸಮ ಕ್ವಾರಿ ಡಸ್ಟ್ (ಜಲ್ಲಿ ಕ್ರಷರಿನ ಕಲ್ಲುಪುಡಿ) ಬೆರೆಸಿದ ಮೇಲೆ ನಿಂತಿತು. ಜೇಡಿ ಹತ್ತು–ಹದಿನೈದರ ಒಳಗಿದ್ದರೆ ಸಿಮೆಂಟ್ ಶೇ 7 ಸಾಕು.

ಎರಡನೇ ಸುತ್ತಿನಲ್ಲಿ ಬಿರುಕಿಲ್ಲ, ಆದರೆ ಎರಡು ದಿನ ನೀರಲ್ಲಿ ಮುಳುಗಿಸಿಟ್ಟು ತೆಗೆದರೆ ಕೆಲವು ಕಲ್ಲಿನ ಹಾಗೆ, ಕೆಲವು ಉಗುರಿಗೇ ಉದುರುತ್ತವೆ. ಒಂದೇ ರಾಶಿ, ಒಂದೇ ಮೂಟೆ ಸಿಮೆಂಟ್! ತಪ್ಪು ಇದ್ದದ್ದು ಬಾಂಡ್ಲಿ ಅಳತೆಯಲ್ಲಿ. ತುಂಬುವವರ ಕೈ ಬದಲಾದ ಹಾಗೆ ಅಚ್ಚಿಗೆ ಬೀಳುತ್ತಿದ್ದ ಮಣ್ಣು 7.6 ಕಿಲೋದಿಂದ 8.9ರವರೆಗೆ ಓಲಾಡುತ್ತಿತ್ತು. ಮರ್ದಿನಿಯಲ್ಲಿ ಒತ್ತಿದ ಮೇಲೆ ಬ್ಲಾಕ್‌ನ ಗಾತ್ರ ಬದಲಾಗುವುದಿಲ್ಲ (ನಮ್ಮದು 230×190×100 ಮಿ.ಮೀ.), ಹಾಗಾಗಿ ಎಷ್ಟು ತೂಕ ಹಾಕುತ್ತೀರೋ ಅಷ್ಟು ಸಾಂದ್ರತೆ. ನೀರಿನ ತೂಕ ಬಿಟ್ಟು ಘನ ಸೆಂಟಿಮೀಟರಿಗೆ 1.8 ಗ್ರಾಂ ಇದ್ದದ್ದು 1.6ಕ್ಕೆ ಇಳಿದರೆ ಬಲ ಅರ್ಧಕ್ಕೆ ಬರುತ್ತದೆ. ಯಂತ್ರದ ಪಕ್ಕ ತರಕಾರಿ ಅಂಗಡಿಯ ಹಳೇ ತಕ್ಕಡಿ ಇಟ್ಟು, ಒಂದೊಂದು ಬ್ಲಾಕ್‌ಗೂ ಹಸಿ ಮಣ್ಣು 8.7 ಕಿಲೋ ತೂಗಿಯೇ ಹಾಕಿಸಿದೆವು. ತೂಕದಿಂದ ದಿನಕ್ಕೆ ಐವತ್ತು ಬ್ಲಾಕ್ ಕಡಿಮೆಯಾಗುತ್ತದೆ ಎಂದು ಆಳುಗಳು ಗೊಣಗಿದ್ದು ನಿಜ. ಆಮೇಲೆ ಲ್ಯಾಬಿನಲ್ಲಿ ಒದ್ದೆ ಬ್ಲಾಕ್‌ಗಳನ್ನು ಒಡೆಸಿದರೆ ಭಾರ ತಡೆಯುವ ಬಲ ಸರಾಸರಿ 3.8 ಮೆಗಾಪಾಸ್ಕಲ್ ಬಂತು, ನಮ್ಮ ಸುತ್ತಿನ ಎಷ್ಟೋ ಸುಟ್ಟ ಇಟ್ಟಿಗೆಗಿಂತ ಕಡಿಮೆಯೇನಲ್ಲ.

ನೀರು ಶೇ 11ರ ಆಸುಪಾಸು. ಉಂಡೆ ಕಟ್ಟಿ ಎದೆಯೆತ್ತರದಿಂದ ಬಿಟ್ಟಾಗ ನಾಲ್ಕೈದು ಹೋಳಾದರೆ ಹದ; ಪುಡಿಯಾದರೆ ಒಣಕಲು, ಚಪ್ಪಟೆಯಾಗಿ ಕೂತರೆ ನೀರು ಹೆಚ್ಚು. ಬೆಳಿಗ್ಗೆಯ ಹದ ಮಧ್ಯಾಹ್ನಕ್ಕೆ ಇರುವುದಿಲ್ಲ, ಗಂಟೆಗೊಂದು ಉಂಡೆ ಬೀಳಲೇಬೇಕು. ನೀರು ಬೆರೆಸಿದ ಮಿಶ್ರಣ ಮುಕ್ಕಾಲು ಗಂಟೆಯೊಳಗೆ ಖಾಲಿಯಾಗಬೇಕು. ಊಟಕ್ಕೆ ಎದ್ದುಹೋಗಿ ಬಂದು ಒತ್ತಿದ ನಲವತ್ತು ಬ್ಲಾಕ್‌ಗಳ ಅಂಚು ಮುಟ್ಟಿದರೆ ಉದುರುತ್ತಿತ್ತು. ಬ್ಲಾಕ್ ಅಚ್ಚಿಗೆ ಕಚ್ಚದಂತೆ ಏನು ಸವರುತ್ತೇವೆ ಎಂಬುದು ನಮ್ಮಲ್ಲೇ ಇರಲಿ. ಸುಟ್ಟ ಎಂಜಿನ್ ಆಯಿಲ್ ಅಂತೂ ಅಲ್ಲ, ಅದರ ಕಲೆ ಹೋಗುವುದೇ ಇಲ್ಲ.

ಒಟ್ಟಿಟ್ಟು ಗೋಣಿತಾಟು ಹೊದಿಸಿ 21 ದಿನ, ದಿನಕ್ಕೆರಡು ಸಲ ನೀರು ಚಿಮುಕಿಸಬೇಕು. ಮೊದಲ ದಿನ ಪೈಪು ಹಿಡಿಯಬೇಡಿ, ಮೂಲೆ ಕೊರೆದುಹೋಗುತ್ತದೆ.

ಆಗಿನ ಖರ್ಚು ನೆನಪಿದ್ದಷ್ಟು: ಮೂಟೆ ಸಿಮೆಂಟಿಗೆ 88–90 ಬ್ಲಾಕ್, ಅಂದರೆ ಬ್ಲಾಕ್‌ಗೆ ನಾಲ್ಕೂವರೆ ರೂಪಾಯಿ. ಡಸ್ಟ್ ಮೂರೂವರೆ. ಆರು ಜನ ಸೇರಿ ದಿನಕ್ಕೆ ಸುಮಾರು 400 ಒತ್ತಿದರೆ ಕೂಲಿ ಹತ್ತೂವರೆ. ಯಂತ್ರದ ಬಾಡಿಗೆ, ಒಡೆದು ಹೋದದ್ದು ಸೇರಿ 21 ರೂಪಾಯಿ ಅಂದುಕೊಳ್ಳಿ. ಒಂದು ಬ್ಲಾಕ್ ಎರಡೂವರೆ ಇಟ್ಟಿಗೆಯ ಜಾಗ ತುಂಬುತ್ತದೆ. ಮಣ್ಣು ಸೈಟಿನದೇ ಆದರೆ ಮಾತ್ರ ಈ ಲೆಕ್ಕ. ಲಾರಿಯಲ್ಲಿ ತರಿಸಿದರೆ ಲಾಭವೆಲ್ಲ ಡೀಸೆಲ್‌ಗೆ.

ಮಧ್ಯೆ ಎರೆಮಣ್ಣಿನಲ್ಲೂ ಕೈ ಆಡಿಸಿದೆವು. ಅದು ನೀರು ಕುಡಿದು ಉಬ್ಬುವ ಜಾತಿ, ಬರೀ ಸಿಮೆಂಟಿಗೆ ಬಗ್ಗುವುದಿಲ್ಲ. ಅರ್ಧಕ್ಕಿಂತ ಹೆಚ್ಚು ಡಸ್ಟ್, ಶೇ 5 ಸಿಮೆಂಟ್, ಶೇ 3 ಸುಣ್ಣ ಹಾಕಿದಾಗ ಬಿರುಕು ನಿಂತಿತು, ಆದರೆ ಸುಣ್ಣ ನಿಧಾನ. 28 ದಿನಕ್ಕೂ ಬಲ ಪೂರ್ತಿ ಬರಲಿಲ್ಲ. ಭತ್ತದ ಹೊಟ್ಟಿನ ಬೂದಿಯದೂ ಒಂದಿಪ್ಪತ್ತು ಒತ್ತಿ ಇಟ್ಟಿದ್ದೇವೆ, ಇನ್ನೂ ಒಡೆಸಿಲ್ಲ.

ಕಟ್ಟುವಾಗ ಬರೀ ಸಿಮೆಂಟ್–ಮರಳಿನ ಗಾರೆ ಬೇಡ. ಒಂದು ಸಿಮೆಂಟ್, ಎರಡು ಮಣ್ಣು, ಆರು ಮರಳು ಹಾಕಿದರೆ ಕರಣೆಗೂ ಹಗುರ, ಬ್ಲಾಕನ್ನೂ ಕಚ್ಚಿ ಹಿಡಿಯುತ್ತದೆ. ಪಾಯದ ಮೇಲೆ ಒಂದೂವರೆ ಅಡಿ ಕಲ್ಲಿನ ಕಟ್ಟು, ಸೂರು ಎರಡಡಿ ಹೊರಗೆ. ನಮ್ಮಲ್ಲಿ ಪಡುವಣ ಗೋಡೆಗೆ ಸೂರು ಒಂದೇ ಅಡಿ ಬಿಟ್ಟಿದ್ದರಿಂದ ಕೆಳಗಿನ ಎರಡು ವರಸೆ ಸವೆದು, ಅಷ್ಟಕ್ಕೆ ಮಾತ್ರ ಗಾರೆ ಬಳಿಸಬೇಕಾಯಿತು.