ಮೊಟ್ಟೆಗಿಂತ ಮೊದಲು ಮೇವು: ಮನೆಯಲ್ಲೇ ಕ್ಲೌನ್ ಮೀನಿನ ಮರಿ

ಸಮುದ್ರದ ಅಲಂಕಾರಿಕ ಮೀನುಗಳಲ್ಲಿ ಮನೆಯಲ್ಲಿ ಮರಿ ಮಾಡಿಸಲು ತುಂಬ ಸುಲಭವಾದವುಗಳಲ್ಲೊಂದು ಕ್ಲೌನ್ ಮೀನು. ಮೊಟ್ಟೆ ಇಡಿಸುವುದು ತಾಳ್ಮೆಯ ಕೆಲಸವಷ್ಟೇ. ಹೊರಬಂದ ಮರಿಯ ಪುಟ್ಟ ಬಾಯಿಗೆ ಹಿಡಿಸುವ ಜೀವಂತ ಆಹಾರ ಇಲ್ಲದೆ ಹೆಚ್ಚಿನವರು ಸೋಲುತ್ತಾರೆ. ಹಾಗಾಗಿ ಮೇವಿನಿಂದಲೇ ಶುರು ಮಾಡಿ.

ಆ ಮೇವು ರೋಟಿಫರ್. ಬರಿಗಣ್ಣಿಗೆ ಧೂಳಿನ ಕಣದಂತೆ ಕಾಣುವ ಸೂಕ್ಷ್ಮಜೀವಿ ಇದು. ಬಕೆಟ್ಟಿನಲ್ಲಿ ಉಪ್ಪುನೀರು ತುಂಬಿ, ಮೆಲ್ಲಗೆ ಗಾಳಿ ಬಿಟ್ಟು, ನೀರು ತೆಳು ಹಸಿರಾಗುವಷ್ಟು ನ್ಯಾನೋಕ್ಲೋರಾಪ್ಸಿಸ್ ಪಾಚಿ ಹಾಕಿ. ಹಸಿರು ಮಾಯವಾದರೆ ಅವುಗಳಿಗೆ ಹಸಿವು ಎಂದೇ ಅರ್ಥ. ದಿನವೂ ಸುಮಾರು ಕಾಲುಭಾಗ ನೀರು ಬದಲಿಸಿ. ಬಕೆಟ್ ಎರಡಿರಲಿ. ನನ್ನ ಒಂದೇ ಬಕೆಟ್ ಹಳಸಿ ನಾರಿದ್ದು, ಸರಿಯಾಗಿ ಮರಿಗಳು ಹೊರಬಂದ ದಿನವೇ.

ಜೋಡಿಗಾಗಿ ಗಂಡು–ಹೆಣ್ಣು ಹುಡುಕುತ್ತಾ ಅಲೆಯಬೇಡಿ. ಎಳೆಯ ಮೀನುಗಳೆರಡನ್ನು, ಒಂದು ತುಸು ದೊಡ್ಡದಿರುವಂತೆ, ತನ್ನಿ. ಮೇಲುಗೈ ಸಾಧಿಸಿದ ದೊಡ್ಡದು ಹೆಣ್ಣಾಗುತ್ತದೆ, ಇನ್ನೊಂದು ಗಂಡಾಗಿಯೇ ಉಳಿಯುತ್ತದೆ. ನೀರಿನ ಉಷ್ಣಾಂಶ 26–28 ಡಿಗ್ರಿ ಸೆಲ್ಸಿಯಸ್, ಉಪ್ಪಿನಂಶ ತಿಳಿಸುವ ಸಾಪೇಕ್ಷ ಸಾಂದ್ರತೆ 1.025ರ ಆಸುಪಾಸಿನಲ್ಲಿರಲಿ. ಮೊಟ್ಟೆ ಅಂಟಿಸಲು ಮಣ್ಣಿನ ಕುಂಡವೊಂದನ್ನು ಮಲಗಿಸಿಡಿ. ಆಮೇಲೆ ಕಾಯಿರಿ, ವರ್ಷವಾದರೂ ಆದೀತು.

ಮೊಟ್ಟೆಗಳು ಮೊದಲು ಕಿತ್ತಳೆ ಬಣ್ಣದಲ್ಲಿರುತ್ತವೆ. ಗಂಡು ಹಗಲೆಲ್ಲ ರೆಕ್ಕೆಯಿಂದ ಗಾಳಿ ಹಾಕುತ್ತಾ, ಕೆಟ್ಟ ಮೊಟ್ಟೆಗಳನ್ನು ಹೆಕ್ಕಿ ತಿನ್ನುತ್ತಾ ಕಾವಲಿರುತ್ತದೆ. ಮೊದಲ ಕಂತನ್ನು ಪೂರ್ತಿ ತಿಂದು ಮುಗಿಸಿದರೂ ಬೇಸರ ಬೇಡ, ಹೊಸ ಜೋಡಿಗಳಲ್ಲಿ ಅದು ಮಾಮೂಲು. ವಾರದ ಹೊತ್ತಿಗೆ ಮೊಟ್ಟೆಯೊಳಗೆ ಬೆಳ್ಳಿಯಂತೆ ಹೊಳೆಯುವ ಕಣ್ಣುಗಳು ಕಂಡರೆ ಆ ಸಂಜೆಯೇ ಕುಂಡವನ್ನು ನೀರಿನಿಂದ ಮೇಲೆತ್ತದಂತೆ, ಪಾತ್ರೆಯೊಂದರೊಳಗೆ ಮುಳುಗಿಸಿಕೊಂಡು, ಮರಿತೊಟ್ಟಿಗೆ ಸಾಗಿಸಿ. ಅಲ್ಲಿಯೂ ಜೋಡಿಯ ತೊಟ್ಟಿಯ ನೀರೇ ಇರಲಿ. ಗಾಳಿಗುಳ್ಳೆಗಳು ಮೊಟ್ಟೆಗಳ ಪಕ್ಕದಲ್ಲಿ ಹಾದುಹೋಗಲಿ. ಅಪ್ಪನ ರೆಕ್ಕೆಯ ಕೆಲಸವನ್ನು ಅವೇ ಮಾಡುತ್ತವೆ. ದೀಪ ಆರಿಸಿ. ಸಾಮಾನ್ಯವಾಗಿ ಕತ್ತಲಾದ ಒಂದೆರಡು ಗಂಟೆಗಳಲ್ಲಿ ಮರಿಗಳು ಹೊರಬರುತ್ತವೆ. ಅವುಗಳಿಗೆ ಬಲೆ ಮುಟ್ಟಿಸಲೇಬಾರದು. ಸಾಗಿಸಬೇಕಾದರೆ ಲೋಟದಲ್ಲಿ ನೀರಿನ ಸಮೇತ ತೆಗೆಯಿರಿ.

ಬೆಳಗ್ಗೆ ತೊಟ್ಟಿಯ ಬದಿಗಳಿಗೆ ಕಪ್ಪು ಕಾಗದ ಅಂಟಿಸಿ, ಮಂದ ಬೆಳಕಿಡಿ. ನೀರಿಗೆ ಪಾಚಿಯ ತೆಳು ಹಸಿರು ಬರಲಿ, ಪ್ರತಿ ಮಿಲಿಲೀಟರಿಗೆ ಹತ್ತರಷ್ಟು ರೋಟಿಫರ್ ಇರಲಿ. ಭೂತಗನ್ನಡಿ ಹಿಡಿದು ನೋಡಿ: ಮರಿ ಮೈಯನ್ನು ಬಿಲ್ಲಿನಂತೆ ಬಾಗಿಸಿ, ಕ್ಷಣ ನಿಂತು, ಚಿಮ್ಮಿ ಕಚ್ಚುತ್ತದೆ. ಹಾಗೆ ಕಚ್ಚುತ್ತಿದ್ದರೆ ಅರ್ಧ ಗೆದ್ದಿರಿ.

ಇನ್ನರ್ಧ, ಕೊಳೆಯಿಂದ ಹುಟ್ಟುವ ವಿಷವಾದ ಅಮೋನಿಯಾದ ಕೈಯಲ್ಲಿದೆ. ಗಾಳಿ ಪಂಪಿನ ಸಣ್ಣ ಕೊಳವೆಯಿಂದ ದಿನವೂ ತಳದ ಕೊಳೆ ಎಳೆದು ತೆಗೆದು, ಹೊಸ ನೀರನ್ನು ಹನಿಹನಿಯಾಗಿ ಬಿಡಿ. ಐದಾರನೆಯ ದಿನದಿಂದ ಮೊಟ್ಟೆಯೊಡೆದು ಆಗಷ್ಟೇ ಹೊರಬಂದ ಆರ್ಟೀಮಿಯಾ (ಉಪ್ಪುನೀರಿನ ಪುಟ್ಟ ಸೀಗಡಿಯಂಥ ಜೀವಿ) ಮರಿಗಳನ್ನು, ಮೊಟ್ಟೆಯ ಚಿಪ್ಪು ಬೇರ್ಪಡಿಸಿ, ತುಸುವೇ ಕೊಡುತ್ತಾ ಬನ್ನಿ. ರೋಟಿಫರ್ ಒಮ್ಮೆಲೇ ನಿಲ್ಲಿಸಬೇಡಿ. ಎಂಟರಿಂದ ಹದಿನೈದನೆಯ ದಿನದೊಳಗೆ ತಲೆಯ ಹಿಂದೆ ಬಿಳಿ ಪಟ್ಟಿ ಮೂಡುತ್ತದೆ. ಆಗ ಮರಿಗಳು ನಡುನೀರು ಬಿಟ್ಟು ಗೋಡೆಗೂ ತಳಕ್ಕೂ ಅಂಟಿಕೊಂಡೇ ಓಡಾಡುತ್ತವೆ. ಕಪ್ಪು ಕಾಗದ ಕಿತ್ತು, ನುಣ್ಣನೆ ಪುಡಿ ಮಾಡಿದ ಒಣ ಆಹಾರದ ಚಿಟಿಕೆಯನ್ನು ಮೊದಲ ಬಾರಿ ಉದುರಿಸುವುದು ಆಗಲೇ.