ಬಿಲ್ಲು ಬೇಟೆಗೆ ಕ್ಲೈಂಬಿಂಗ್ ಸ್ಟ್ಯಾಂಡ್ ಆರಿಸಿದ್ದು: ನನ್ನ ಅನುಭವ

ಮಿಶಿಗನ್‌ಗೆ ಬಂದು ಬಿಲ್ಲು ಹಿಡಿಯೋ ಆಸೆ ಹುಟ್ಟಿದ ನಮ್ಮ ಹುಡುಗ್ರು ಎಲ್ರೂ ಒಂದೇ ಕೇಳೋದು, ಅಣ್ಣಾ ಮರದ ಮೇಲೆ ಕೂತು ಜಿಂಕೆ ಕಾಯೋಕೆ ಯಾವ ಸ್ಟ್ಯಾಂಡ್ ತಗೊಳ್ಲಿ, ಲಿಂಕ್ ಕಳ್ಸಿ ಅಂತ. ಲಿಂಕ್ ಆಮೇಲೆ ಮಾರಾಯ, ಮೊದ್ಲು ಟೈಲರ್ ಟೇಪ್ ಒಂದು ಜೇಬಿಗೆ ಹಾಕ್ಕೊಂಡು ನೀನು ಕೂರೋ ಕಾಡಿಗೆ ಹೋಗು ಅಂತೀನಿ. ನಾನು ಮಾಡಿದ್ದೂ ಅದನ್ನೇ, ಮತ್ತೆ ಕ್ಲೈಂಬರ್, ಅಂದ್ರೆ ಕ್ಲೈಂಬಿಂಗ್ ಸ್ಟ್ಯಾಂಡ್ ವಿಷ್ಯದಲ್ಲಿ ಅದಕ್ಕಿಂತ ದೊಡ್ಡ ಸಲಹೆ ಯಾವುದೂ ಇಲ್ಲ ಅನ್ನೋದು ನನ್ನ ಅಭಿಪ್ರಾಯ.

ಗೊತ್ತಿಲ್ದೋರಿಗೆ ಹೇಳ್ಬಿಡ್ತೀನಿ. ಊರಲ್ಲಿ ತೆಂಗಿನ ಮರ ಹತ್ತೋ ಮೆಷಿನ್ ನೋಡಿದೀರಲ್ಲ, ಎರಡು ಭಾಗ, ಎರಡಕ್ಕೂ ಮರ ಸುತ್ತೋ ಕೇಬಲ್, ಒಂದರ ಮೇಲೆ ಭಾರ ಬಿಟ್ಟು ಇನ್ನೊಂದನ್ನ ಮೇಲಕ್ಕೆತ್ತೋದು, ಕ್ಲೈಂಬಿಂಗ್ ಸ್ಟ್ಯಾಂಡ್ ಕೂಡ ಅದೇ ಲೆಕ್ಕ. ಮೇಲಿನ ಭಾಗದಲ್ಲಿ ಸೀಟು, ಕೆಳಗಿನದ್ರಲ್ಲಿ ಕಾಲಿಡೋ ಪ್ಲಾಟ್‌ಫಾರ್ಮ್. ಮರಕ್ಕೆ ಮೊಳೆ ಇಲ್ಲ, ಸ್ಕ್ರೂ ಇಲ್ಲ. ಇಲ್ಲಿ ಪಬ್ಲಿಕ್ ಲ್ಯಾಂಡ್‌ನಲ್ಲಿ ತೊಗಟೆ ತೂತು ಮಾಡೋ ಮೆಟ್ಟಿಲು ಹಾಕೋ ಹಾಗಿಲ್ಲ, ಸ್ಟ್ಯಾಂಡ್ ಮೇಲೆ ಹೆಸರು ವಿಳಾಸ ಅಥವಾ ಲೈಸೆನ್ಸ್ ನಂಬರ್ ಓದೋ ಹಾಗೆ ಬರ್ದಿರ್ಬೇಕು, ಅದು ನಿಯಮ.

ನಾನು ಹೋಗೋದು ಹೆಚ್ಚಾಗಿ ಚೆಲ್ಸೀ ಊರಿನ ಹತ್ರ ಇರೋ ವಾಟರ್‌ಲೂ ರಿಕ್ರಿಯೇಶನ್ ಏರಿಯಾಗೆ. ಅಲ್ಲಿ ವೈಟ್‌ಟೇಲ್ ಜಿಂಕೆ ಒಂದೇ ಕಡೆ ಬರುತ್ತೆ ಅಂತ ನಂಬ್ಕೊಂಡು ಕೂರೋಕಾಗಲ್ಲ. 2019ರಿಂದ ಮಿಶಿಗನ್ನಿನ ದಕ್ಷಿಣ ಭಾಗವಾದ ಲೋಯರ್ ಪೆನಿನ್ಸುಲಾದಲ್ಲಿ ಜೋಳ ಸುರಿದು ಜಿಂಕೆ ಕರ್ಸೋದು ಬಂದ್, ಜಿಂಕೆಗಳ ಮೆದುಳು ಹಾಳುಮಾಡಿ ಸಾಯಿಸೋ ಸಿಡಬ್ಲ್ಯುಡಿ ರೋಗ ಹರಡುತ್ತೆ ಅಂತ. ಹಾಗಾಗಿ ಈ ವಾರ ಯಾವ ಓಕ್ ಮರ ಕಾಯಿ ಉದುರಿಸ್ತಿದೆ, ಗಾಳಿ ಯಾವ ಕಡೆ ಅಂತ ನೋಡ್ಕೊಂಡು ಜಾಗ ಬದಲಾಯಿಸ್ತಾ ಇರ್ಬೇಕು. ಬಿಲ್ಲಿನ ಸೀಸನ್ನಿನ ಮೊದಲ ಭಾಗ ಅಕ್ಟೋಬರ್ 1ಕ್ಕೆ ಶುರುವಾಗಿ ನವೆಂಬರ್ 14ರ ತನಕ, 15ಕ್ಕೆ ಬಂದೂಕಿನೋರು ಬರ್ತಾರೆ. ಅಷ್ಟರೊಳಗೆ ಬೆನ್ನ ಮೇಲೆ ಹೊತ್ಕೊಂಡು ಹೋಗಿ, ಹತ್ತಿ, ಸಂಜೆ ಇಳಿದು ವಾಪಸ್ ತರೋಕಾಗೋ ಸಾಮಾನೇ ನನಗೆ ಬೇಕಾಗಿದ್ದು. ಏಣಿ ಥರ ಮರಕ್ಕೆ ಕಟ್ಟಿ ನಿಲ್ಲಿಸೋ ಲ್ಯಾಡರ್ ಸ್ಟ್ಯಾಂಡ್ ಅಲ್ಲೇ ಔಟ್.

ಈಗ ಟೇಪ್ ವಿಷ್ಯ. ಸಾಮಾನ್ಯವಾಗಿ ಕ್ಲೈಂಬರ್‌ಗಳು 8 ಇಂಚಿಂದ 20 ಇಂಚು ದಪ್ಪದ ಮರಕ್ಕೆ ಅಂತ ಬರ್ದಿರುತ್ತೆ, ಅದು ಅಡ್ಡಳತೆ, ಸುತ್ತಳತೆ ಅಲ್ಲ. ಕಾಡಲ್ಲಿ ಅಡ್ಡಳತೆ ಅಳೆಯೋದು ಕಷ್ಟ, ಸುತ್ತಳತೆ ತಗೊಂಡು 3.14ರಿಂದ ಭಾಗಿಸಿದ್ರಾಯ್ತು, ಅಂದ್ರೆ ಸುಮಾರು 25 ಇಂಚಿಂದ 63 ಇಂಚು ಸುತ್ತಳತೆ ಇರೋ ಮರ ಆಗುತ್ತೆ. ಇಷ್ಟು ಮಾತ್ರ ಸಾಲಲ್ಲ, ಮರ ನೆಟ್ಟಗಿರ್ಬೇಕು, 18 ಅಡಿ ತನಕ ಕೊಂಬೆ ಇರ್ಬಾರ್ದು. ಸರ್ಕಾರಿ ಕಾಡಲ್ಲಿ ಕೊಂಬೆ ಕಡಿಯೋ ಹಾಗಿಲ್ವಲ್ಲ. ಈ ಲೆಕ್ಕದಲ್ಲಿ ಹುಡುಕಿದ್ರೆ ಕಣ್ಣಿಗೆ ಕಾಣೋ ಮರಗಳಲ್ಲಿ ಮುಕ್ಕಾಲು ಪಾಲು ಕೈಬಿಟ್ಟು ಹೋಗುತ್ತೆ. ಹೊಲದ ಅಂಚಲ್ಲಿ ಹರಡ್ಕೊಂಡಿರೋ ಓಕ್ ಜಿಂಕೆಗೆ ಚೆನ್ನ, ಕ್ಲೈಂಬರ್‌ಗಲ್ಲ. ಒಳಗಡೆ ಬೆಳಕಿಗೆ ಪೈಪೋಟಿ ಮೇಲೆ ನೆಟ್ಟಗೆ ಬೆಳೆದಿರೋ ರೆಡ್ ಓಕ್, ಮೇಪಲ್, ಕಪ್ಪು ಚೆರ್ರಿ, ಆಸ್ಪೆನ್ ಇವು ಆಗುತ್ತೆ. ಆಸ್ಪೆನ್ ತೊಗಟೆ ನುಣುಪು, ಮಳೆ ಬಿದ್ದು ಮೇಲೆ ಹಿಮ ಕಟ್ಟಿದ್ರೆ ಸ್ಟ್ಯಾಂಡಿನ ಹಲ್ಲು ಕಚ್ಚಲ್ಲ, ಅವತ್ತು ಅದರ ಹತ್ರ ಹೋಗ್ಬೇಡಿ. ಶ್ಯಾಗ್‌ಬಾರ್ಕ್ ಹಿಕರಿ ಅಂತೂ ಬೇಡವೇ ಬೇಡ, ಉದ್ದುದ್ದ ಚಕ್ಕೆ ತೊಗಟೆ, ಕೈಯಲ್ಲಿ ಎಳೆದ್ರೇ ಕಿತ್ತು ಬರುತ್ತೆ.

ಆಶ್ ಮರದ ಬಗ್ಗೆ ಸ್ವಲ್ಪ ನಿಂತು ಹೇಳ್ತೀನಿ, ಯಾಕಂದ್ರೆ ದೂರದಿಂದ ನೋಡಿದ್ರೆ ಕ್ಲೈಂಬರ್‌ಗೇ ಅಂತ ಮಾಡಿಸಿದ ಮರ ಅನ್ಸುತ್ತೆ, ನೆಟ್ಟಗೆ, ದಪ್ಪ ಹದವಾಗಿ, ಕೆಳಗಡೆ ಕೊಂಬೆ ಇಲ್ಲ. 2002ರಲ್ಲಿ ಡೆಟ್ರಾಯಿಟ್ ಹತ್ರ ಎಮರಾಲ್ಡ್ ಆಶ್ ಬೋರರ್ ಅನ್ನೋ ಹಸಿರು ಹುಳ ಸಿಕ್ತು, ಅಲ್ಲಿಂದಾಚೆ ಈ ಭಾಗದ ಆಶ್ ಮರಗಳು ಸಾಲುಸಾಲಾಗಿ ಒಣಗಿದ್ವು. ಹತ್ರ ಹೋಗಿ ತೊಗಟೆ ಮೇಲೆ ಕಣ್ಣಿಟ್ಟು ನೋಡಿ, ಇಂಗ್ಲಿಷಿನ ಡಿ ಅಕ್ಷರದ ಆಕಾರದ ಸಣ್ಣ ತೂತುಗಳು ಕಾಣುತ್ತೆ, ಒಂದು ಇಂಚಿನ ಎಂಟನೇ ಒಂದು ಭಾಗ ಅಷ್ಟೇ ಅಗಲ, ಹುಳ ಹೊರಗೆ ಬಂದ ಬಾಗಿಲು ಅದು. ಮರಕುಟಿಗ ಕುಕ್ಕಿ ಹೊರತೊಗಟೆ ಹಾರಿಸಿದ್ರೆ ಮರದ ಮೇಲೆ ತಿಳಿ ಬಣ್ಣದ ಪಟ್ಟೆ ಇರುತ್ತೆ. ತೊಗಟೆ ಚೂರು ಎಬ್ಬಿಸಿದ್ರೆ ಒಳಗಡೆ ಹಾವು ಹರಿದ ಹಾಗೆ ವಕ್ರವಕ್ರ ಗೀರು. ಅಂಥ ಮರ ಯಾವಾಗ ಮುರಿಯುತ್ತೆ ಹೇಳೋಕಾಗಲ್ಲ, ಹತ್ತೋದಿರ್ಲಿ, ಜೋರು ಗಾಳಿ ಇರೋ ದಿನ ಅದರ ಪಕ್ಕದ ಮರದಲ್ಲೂ ನಾನು ಕೂರಲ್ಲ.

ಇಷ್ಟೆಲ್ಲಾ ನೋಡಿದ್ಮೇಲೆ ನನ್ನ ಜಾಗಗಳಲ್ಲಿ ಕ್ಲೈಂಬರ್ ಹತ್ತೋ ಮರ ಸಾಕಷ್ಟು ಇದೆ ಅಂತ ಗ್ಯಾರಂಟಿ ಆಯ್ತು, ಆಮೇಲೆ ಅಂಗಡಿಗೆ ಹೋಗಿದ್ದು.

ಅಂಗಡೀಲಿ ಮುಖ್ಯವಾಗಿ ಎರಡು ಜಾತಿ. ಒಂದು ಸುತ್ತ ಕಂಬಿ ಇರೋದು, ಸಮ್ಮಿಟ್ ವೈಪರ್ ಥರದ್ದು, ಸುಮಾರು 20 ಪೌಂಡ್ ಅಂದ್ರೆ 9 ಕೆಜಿ ತೂಕ, ಮೆತ್ತನೆ ಸೀಟು, ಕಂಬಿ ಮೇಲೆ ಕುಂಡೆ ಊರಿ ಕೂತು ಎದ್ದು ಆರಾಮಾಗಿ ಹತ್ತಬಹುದು. ಇನ್ನೊಂದು ಮುಂದೆ ಏನೂ ಇಲ್ದೆ ತೆರೆದಿರೋದು, ಹ್ಯಾಂಡ್ ಕ್ಲೈಂಬರ್ ಅಂತಾರೆ, 15 ಪೌಂಡ್ ಆಸುಪಾಸು, ಹತ್ತೋಕೆ ಮೇಲಿನ ಭಾಗದ ಮೇಲೆ ತೋಳೂರಿ ಕಾಲು ಎಳ್ಕೋಬೇಕು, ತೋಳು ಹೊಟ್ಟೆ ಎರಡೂ ಗಟ್ಟಿ ಇರ್ಬೇಕು. ಬಂದೂಕಿನೋರಿಗೆ, ಕ್ರಾಸ್‌ಬೋದೋರಿಗೆ ಆ ಕಂಬಿ ವರ, ಅದರ ಮೇಲೆ ಒರಗಿಸಿ ಹೊಡೀಬಹುದು. ಬಿಲ್ಲಿಗೆ ಅದೇ ತಲೆನೋವು. ಕೂತ್ಕೊಂಡು ಬಿಲ್ಲು ಎಳೆದ್ರೆ ಅದರ ಕೆಳತುದಿಯ ಚಕ್ರ, ಅಂದ್ರೆ ಕ್ಯಾಮ್, ಎಲ್ಲಿ ಬರುತ್ತೆ ಅಂದ್ರೆ ಸರಿಯಾಗಿ ನಿಮ್ಮ ಮೊಣಕಾಲಿನ ಪಕ್ಕ, ಆ ಕಂಬಿ ಇರೋ ಜಾಗದಲ್ಲೇ. ಬಾಣ ಬಿಟ್ಟ ಕ್ಷಣ ಕ್ಯಾಮ್ ಕಂಬಿಗೆ ತಗುಲಿದ್ರೆ ಬಾಣ ಎಲ್ಲೋ, ಜಿಂಕೆ ಎಲ್ಲೋ, ಅದಕ್ಕಿಂತ ಕೆಟ್ಟದ್ದು ಅರೆಗಾಯ ಆಗಿ ಓಡಿಹೋಗೋದು.

ಅದಕ್ಕೆ ನಾನು ನನ್ನ ಕಾಂಪೌಂಡ್ ಬಿಲ್ಲನ್ನೇ ಅಂಗಡಿಗೆ ತಗೊಂಡು ಹೋದೆ, ಡೆಮೋಗೆ ನಿಲ್ಲಿಸಿದ್ದ ಕಂಬದ ಮೇಲೆ ಒಂದಡಿ ಎತ್ತರದಲ್ಲಿ ಎರಡೂ ಥರದ್ದರಲ್ಲಿ ಕೂತೆ, ಕೇಳ್ಕೊಂಡು ಬಾಣ ಇಟ್ಟು ಎಳೆದು ಸುಮ್ನೆ ಇಳಿಸಿದೆ, ಖಾಲಿ ಬಿಲ್ಲು ಎಳೀಬೇಡಿ, ಕೈತಪ್ಪಿದ್ರೆ ಬಿಲ್ಲೇ ಸೀಳಿಹೋಗುತ್ತೆ. ನೇರಕ್ಕೆ, ಎಡಕ್ಕೆ, ಬಲಕ್ಕೆ, ನಿಂತು ಮತ್ತೆ ಕೂತು. ನನ್ನಂಥ ಬಲಗೈಯೋರಿಗೆ ಎಡಕ್ಕೆ ತಿರುಗೋದು ಸಲೀಸು, ಬಲಕ್ಕೆ ಅಂದ್ರೆ ಇಡೀ ಮೈ ತಿರುಗಿಸಬೇಕು, ಕಂಬಿ ಇರೋ ಸ್ಟ್ಯಾಂಡಲ್ಲಿ ಕೂತಲ್ಲಿಂದ ಅದು ಆಗ್ಲೇ ಇಲ್ಲ. ನಿಂತು ಹೊಡೆದ್ರೆ ಕಂಬಿ ಅಡ್ಡ ಬರಲ್ಲ ನಿಜ, ಆದ್ರೆ ಜಿಂಕೆ 15 ಗಜದಲ್ಲಿ ತಲೆ ಎತ್ತಿ ನೋಡ್ತಿರುವಾಗ ಎದ್ದು ನಿಲ್ಲೋದು ಯಾರಿಂದ ಆಗುತ್ತೆ. ತೆರೆದ ಮುಂಭಾಗದ್ದನ್ನೇ ತಗೊಂಡೆ. ಸೀಟು ಅಷ್ಟೇನೂ ಸುಖ ಇಲ್ಲ, ಮೂರ್ನಾಲ್ಕು ಗಂಟೆ ಆದ್ಮೇಲೆ ಸೊಂಟ ಮಾತಾಡುತ್ತೆ, ಅದು ಒಪ್ಪಿಕೊಂಡೇ ತಗೊಂಡಿದ್ದು. ಸೊಂಟ ನೋವಿರೋರು, ವಯಸ್ಸಾದೋರು ಕಂಬಿ ಇರೋದನ್ನೇ ತಗೊಂಡು ನಿಂತು ಹೊಡೆಯೋ ಅಭ್ಯಾಸ ಮಾಡ್ಕೊಳ್ಳಿ, ತಪ್ಪೇನಿಲ್ಲ.

ತೂಕದ ಮಿತಿ 300 ಪೌಂಡ್ ಅಂತ ಬರ್ದಿದ್ರೆ ಅದು ನಿಮ್ಮೊಬ್ಬರ ತೂಕ ಅಲ್ಲ, ಚಳಿ ಬಟ್ಟೆ, ಬೂಟು, ಬ್ಯಾಗು, ಬಿಲ್ಲು ಎಲ್ಲಾ ಸೇರಿ. ಇನ್ನು ಶಬ್ದ, ಲೋಹಕ್ಕೆ ಲೋಹ ತಗುಲೋ ಜಾಗಕ್ಕೆಲ್ಲ ಹಾಕಿ ಆಡೋರ ಬಟ್ಟೆ ಟೇಪ್ ಸುತ್ತಿದೀನಿ, ಬೆಳಗಿನ ನಿಶ್ಶಬ್ದದಲ್ಲಿ ಒಂದು ಟಣ್ ಅಂದ್ರೆ ಮುಗೀತು.

ಸೆಕೆಂಡ್ ಹ್ಯಾಂಡ್ ಬಗ್ಗೆ ಕೇಳ್ತಾರೆ. ಹೊಸದು 300ರಿಂದ 500 ಡಾಲರ್, ಗ್ಯಾರೇಜ್ ಸೇಲಲ್ಲಿ ಅರ್ಧಕ್ಕಿಂತ ಕಮ್ಮಿಗೆ ಸಿಗುತ್ತೆ. ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ ಸಿಪಿಎಸ್‌ಸಿ ವೆಬ್‌ಸೈಟಲ್ಲಿ ಆ ಮಾಡೆಲ್ ರೀಕಾಲ್ ಆಗಿದ್ಯಾ ನೋಡಿ, ಕೇಬಲ್ ಮೇಲಿನ ಪ್ಲಾಸ್ಟಿಕ್ ಎಲ್ಲಾದ್ರೂ ಉಬ್ಬಿದ್ರೆ, ಸೀಳಿದ್ರೆ ಒಳಗೆ ತುಕ್ಕು ಅಂತಲೇ ಲೆಕ್ಕ, ಬಿಟ್ಟು ಬನ್ನಿ. ಕೆಳಗೆ ಬೀಳದ ಹಾಗೆ ಮೈಗೆ ಕಟ್ಕೊಳ್ಳೋ ಬೆಲ್ಟು, ಹಾರ್ನೆಸ್, ಮಾತ್ರ ಯಾವತ್ತೂ ಹಳೇದು ಬೇಡ, ಅದರ ಲೇಬಲ್ ಮೇಲೆ ತಯಾರಾದ ದಿನಾಂಕ ಇರುತ್ತೆ, ಬಳಸ್ತಾ ಇದ್ರೂ ಇಲ್ದಿದ್ರೂ ಸಾಮಾನ್ಯವಾಗಿ 5 ವರ್ಷಕ್ಕೆ ಬದಲಾಯಿಸಿ ಅಂತಾರೆ.

ಹತ್ತೋದನ್ನ ಮೊದ್ಲು ಮನೆ ಹಿತ್ತಲಲ್ಲಿ, ಮೂರಡಿ ಎತ್ತರದಲ್ಲಿ, ಕಲಿತೆ. ಪಕ್ಕದ ಮನೆ ಅಜ್ಜ ಬೇಲಿ ಆಚೆಯಿಂದ ಕಾಫಿ ಕುಡೀತಾ ನೋಡ್ತಿದ್ರು. ಮರ ಮೇಲೆ ಹೋದ ಹಾಗೆ ಸಣ್ಣ ಆಗುತ್ತೆ, ಪ್ಲಾಟ್‌ಫಾರ್ಮಿನ ಮೂತಿ ಕೆಳಗೆ ವಾಲುತ್ತೆ, ಅದಕ್ಕೆ ಬುಡದಲ್ಲೇ ಮೂತಿ ಸ್ವಲ್ಪ ಮೇಲಕ್ಕಿರೋ ಹಾಗೆ ಕಟ್ಟಬೇಕು. ಮೇಲಿನ ಭಾಗಕ್ಕೂ ಕೆಳಗಿನ ಭಾಗಕ್ಕೂ ಹಗ್ಗ ಕಟ್ಟಲೇಬೇಕು, ಕಾಲು ಎತ್ತಿದಾಗ ಪ್ಲಾಟ್‌ಫಾರ್ಮ್ ಜಾರಿ ಕೆಳಗೆ ಬಿದ್ರೆ ಸೀಟಿನ ಮೇಲೆ ನೇತಾಡ್ಕೊಂಡು ಉಳಿಯೋದೇ ಗತಿ. ಹಾರ್ನೆಸ್ಸಿನ ಹಗ್ಗ ನೆಲದಲ್ಲೇ ಮರಕ್ಕೆ ಸಿಕ್ಕಿಸಿ, ಹತ್ತಿದ ಹಾಗೆ ಮೇಲೆ ಜರುಗಿಸ್ತಾ ಹೋಗೋದು, ತಲೆಗಿಂತ ಮೇಲೇ ಇರ್ಬೇಕು, ಸಡಿಲ ಇರ್ಬಾರ್ದು. ಬಿಲ್ಲನ್ನ ಕೈಯಲ್ಲಿ ಹಿಡ್ಕೊಂಡು ಹತ್ತಬೇಡಿ, ಕೂತ್ಮೇಲೆ ಹಗ್ಗದಲ್ಲಿ ಎಳ್ಕೊಳ್ಳಿ, ಬಾಣದ ತುದಿಯ ಹರಿತ ಅಲಗಾದ ಬ್ರಾಡ್‌ಹೆಡ್‌ಗೆ ಮುಚ್ಚಳ ಇರ್ಲಿ.

ನನ್ನ ಹೆಂಡ್ತಿ ಕೇಳಿದ್ದು ಇದೇ, "ರೀ, ಬೆಲ್ಟಲ್ಲಿ ಅಲ್ಲೇ ನೇತಾಡ್ತಾ ಇದ್ರೆ ನಾನ್ ಎಲ್ಲಿ ಹುಡುಕ್ಲಿ ನಿಮ್ಮನ್ನ?" ಸರಿಯಾದ ಪ್ರಶ್ನೆ. ಹಾರ್ನೆಸ್ಸಲ್ಲಿ ಅಲ್ಲಾಡ್ದೆ ನೇತಾಡ್ತಾ ಇದ್ರೆ ಕಾಲಲ್ಲಿ ರಕ್ತ ನಿಂತು ಸ್ವಲ್ಪ ಹೊತ್ತಲ್ಲೇ ಪ್ರಜ್ಞೆ ತಪ್ಪಬಹುದು, ಅದಕ್ಕೆ ಕಾಲೂರೋ ಒಂದು ಪಟ್ಟಿ ಬರುತ್ತೆ, ಅದು ಮತ್ತೆ ಫೋನು ಎರಡೂ ಎದೆ ಜೇಬಲ್ಲಿರುತ್ತೆ, ಮರದ ಲೊಕೇಶನ್ ಹತ್ತೋಕೆ ಮುಂಚೆ ಅವಳಿಗೆ ವಾಟ್ಸಾಪ್ ಆಗಿರುತ್ತೆ.

ಎತ್ತರ ನಾನು 15ರಿಂದ 18 ಅಡಿ ಸಾಕು ಅಂತೀನಿ. ಇನ್ನೂ ಮೇಲೆ ಹೋದ್ರೆ ವಾಸನೆ ಕಮ್ಮಿ ಹೋಗುತ್ತೆ ಅಂತ 25 ಅಡಿ ಹತ್ತೋರಿದ್ದಾರೆ, ಆದ್ರೆ ಹತ್ರ ಬಂದ ಜಿಂಕೆಗೆ ಅಷ್ಟು ಕಡಿದಾಗಿ ಹೊಡೆದ್ರೆ ಎರಡೂ ಶ್ವಾಸಕೋಶಕ್ಕೆ ಬಾಣ ಸಿಗೋದು ಕಷ್ಟ. ಗಾಳಿ ಸರಿ ಇರೋ ಮರ ಆರಿಸೋದು ಇನ್ನೊಂದು ಹತ್ತಡಿ ಹತ್ತೋದಕ್ಕಿಂತ ಸುಲಭ.

ಸೊಂಟಕ್ಕೆ ಕಟ್ಕೊಂಡು ಮರಕ್ಕೆ ನೇತು ಕೂರೋ ಸ್ಯಾಡಲ್ ಯಾಕೆ ತಗೊಳ್ಲಿಲ್ಲ ಅಂತ ಈಗೀಗ ಬಹಳ ಜನ ಕೇಳ್ತಾರೆ. ನಿಮ್ಮ ಕಾಡಲ್ಲಿ ಬರೀ ಸೊಟ್ಟ ಮರ, ಸೀಡರ್, ಕೆಳಗಿಂದಲೇ ಕೊಂಬೆ ಇರೋ ಮರ ಅಂದ್ರೆ ಸ್ಯಾಡಲ್ ಅಥವಾ ಕಡ್ಡಿ ಮೆಟ್ಟಿಲಿನ ಜೊತೆ ಮರಕ್ಕೆ ಬಿಗಿಯೋ ಹ್ಯಾಂಗ್ ಆನ್ ಸ್ಟ್ಯಾಂಡ್ ತಗೊಳ್ಳಿ, ಕ್ಲೈಂಬರ್ ದುಡ್ಡು ದಂಡ. ವಾಟರ್‌ಲೂನಲ್ಲೇ ಜೌಗಿನ ಅಂಚಲ್ಲಿ ಒಂದು ಒಳ್ಳೇ ಜಾಗ ಇದೆ, ಅಲ್ಲಿ ಕ್ಲೈಂಬರ್ ಹತ್ತೋ ಒಂದು ಮರವೂ ಇಲ್ಲ, ಅಲ್ಲಿಗೆ ಹೋದಾಗ ನಾನು ಪೊದೆ ಹಿಂದೆ ನೆಲದಲ್ಲೇ ಕೂರ್ತೀನಿ.