ನನ್ನ ಕಾರಿನ ಬ್ಯಾಟರಿ ತಿಂದಿದ್ದು ನೆಲ್ಲಿ ಎಲೆ

ತೀರ್ಥಹಳ್ಳಿ ಹತ್ತಿರ ನಮ್ಮದು ಅಡಿಕೆ ತೋಟ. ಏಳು ಸೀಟಿನ ಡೀಸೆಲ್ ಎಸ್‌ಯುವಿ ಒಂದನ್ನು ಸೆಕೆಂಡ್‌ಹ್ಯಾಂಡ್ ತಗೊಂಡಾಗ ಮೀಟರ್ 82,000 ಕಿ.ಮೀ. ತೋರಿಸುತ್ತಿತ್ತು. ಈಗ 1,37,000. ಕಂಪನಿ ಯಾವುದು ಅಂತ ಕೇಳಬೇಡಿ. ಇಲ್ಲಿ ಹೇಳುವ ತೊಂದರೆಗಳು ಯಾವ ಎಸ್‌ಯುವಿಗಾದರೂ ಬರುವಂಥವೇ.

ಮೊದಲು ಶುರುವಾಗಿದ್ದು ಬ್ಯಾಟರಿ ಕಾಟ. ಆಷಾಢದ ಮಳೆ. ಕಾರು ನಾಲ್ಕು ದಿನ ನೆಲ್ಲಿಮರದ ಕೆಳಗೆ ನಿಂತಿತ್ತು. ಐದನೇ ದಿನ ಕೀ ತಿರುಗಿಸಿದರೆ ಬರೀ ಟಿಕ್ ಟಿಕ್ ಟಿಕ್. 'ಬ್ಯಾಟರಿ ಹೋಗಿದೆ ಸಾರ್' ಅಂದರು ಸರ್ವಿಸ್ ಸೆಂಟರಿನವರು. ಹೊಸದು ಹಾಕಿಸಿದೆ. ಎರಡು ವಾರಕ್ಕೆ ಅದೂ ಮಲಗಿತು. 'ಹಾಗಾದ್ರೆ ಆಲ್ಟರ್ನೇಟರ್ ಇರ್ಬೇಕು' ಅಂದರು. ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಸಾಮಾನು ಅದು. ಇರ್ಬೇಕು ಅಂದರೇನು, ಅಳತೆ ಮಾಡಿ ನೋಡಬಾರದೇ ಅಂತ ಸಿಟ್ಟು ಬಂತು. ತೋಟದ ಪಂಪ್‌ಸೆಟ್ಟಿಗೆ ಅಂತ ಇಟ್ಟುಕೊಂಡ ಮಲ್ಟಿಮೀಟರ್ ಮನೆಯಲ್ಲೇ ಇತ್ತು. ಇಂಜಿನ್ ಓಡುವಾಗ ಬ್ಯಾಟರಿಯ ಎರಡು ತುದಿಗೆ ಹಿಡಿದೆ. 14.2 ವೋಲ್ಟ್ ಬಂತು. 13.8ರಿಂದ 14.5ರ ನಡುವೆ ಇದ್ದರೆ ಸಾಮಾನ್ಯವಾಗಿ ಆಲ್ಟರ್ನೇಟರ್ ಮೇಲೆ ಅನುಮಾನ ಪಡಬೇಕಾಗಿಲ್ಲ. ಅಂದರೆ ಚಾರ್ಜ್ ಆಗುತ್ತಿದೆ, ಆದರೆ ನಿಂತಲ್ಲೇ ಯಾರೋ ಕುಡಿಯುತ್ತಿದ್ದಾರೆ.

ಆ ಕುಡಿಯುವವನನ್ನು ಹುಡುಕಿದ್ದು ಹೀಗೆ. ಬಾನೆಟ್ ತೆಗೆದೆ. ಕೀ ತೆಗೆದು ಜೇಬಿಗೆ ಹಾಕಿಕೊಂಡೆ. ಒಳಗಿನ ಫ್ಯೂಸ್ ಪೆಟ್ಟಿಗೆ ಕೈಗೆ ಸಿಗಬೇಕಲ್ವಾ, ಅದಕ್ಕೆ ಬಾಗಿಲು ತೆಗೆದೇ ಇಟ್ಟು, ಅದರ ಲಾಚನ್ನು ಸ್ಕ್ರೂಡ್ರೈವರ್‌ನಿಂದ ಕಟಕ್ ಅಂತ ಮುಚ್ಚಿದೆ. ಬಾಗಿಲು ಹಾಕಿದೆ ಅಂತ ಕಾರು ತಿಳಿದುಕೊಳ್ಳುತ್ತದೆ. ಬ್ಯಾಟರಿಯ ನೆಗೆಟಿವ್ ಕೇಬಲ್ ಬಿಚ್ಚಿ, ಕೇಬಲ್‌ಗೂ ಬ್ಯಾಟರಿಗೂ ಮಧ್ಯೆ ಮೀಟರ್ ಸೇರಿಸಿದೆ. ಕೆಂಪು ವೈರ್ 10 ಆಂಪಿಯರ್ ತೂತಿಗೆ ಹೋಗಬೇಕು. ಹೀಗೆ ಮೀಟರ್ ಸಿಕ್ಕಿಸಿದಾಗ ಯಾವ ಕಾರಣಕ್ಕೂ ಕೀ ಆನ್ ಮಾಡಬೇಡಿ. ನಾನು ಮರೆತು ಮಾಡಿದೆ. ಸ್ಟಾರ್ಟ್ ಆಗುವ ಮುಂಚೆ ಇಂಜಿನ್ ಒಳಗೆ ಬಿಸಿ ಮಾಡುವ ಡೀಸೆಲ್ ಕಾರಿನ ಗ್ಲೋ ಪ್ಲಗ್‌ಗಳು ಎಳೆಯುವ ಕರೆಂಟಿಗೆ ಮೀಟರ್ ಒಳಗಿನ ಫ್ಯೂಸ್ ಆ ಕ್ಷಣವೇ ಸುಟ್ಟಿತು. ಅದನ್ನು ತರಲು ಪೇಟೆಗೆ ಹೋಗಿದ್ದು ಬಸ್ಸಲ್ಲಿ.

ಎರಡನೇ ಸಲ ಮೀಟರ್ ಸಿಕ್ಕಿಸಿ ಸುಮ್ನೆ ಕೂತೆ. ಕಾರಿನ ಕಂಪ್ಯೂಟರ್‌ಗಳು ನಿದ್ದೆಗೆ ಜಾರಲು ಅರ್ಧ ಗಂಟೆಯೋ ಇನ್ನೂ ಹೆಚ್ಚೋ ಬೇಕಾಗಬಹುದು. ಅವಸರ ಮಾಡಿದರೆ ತಪ್ಪು ಲೆಕ್ಕ ಸಿಗುತ್ತದೆ. ಇಪ್ಪತ್ತು ನಿಮಿಷ ಆಗಿತ್ತು, ಮಗಳು ಬಂದು ಹಿಂದಿನ ಬಾಗಿಲು ತೆಗೆದಳು. 'ಅಪ್ಪಾ, ನನ್ನ ಕೊಡೆ ಇದ್ರಲ್ಲೇ ಉಂಟು.' ಮತ್ತೆ ಮೊದಲಿಂದ.

ಮುಕ್ಕಾಲು ಗಂಟೆ ಬಿಟ್ಟು ನೋಡಿದರೆ ಮೀಟರಿನಲ್ಲಿ 0.38. ಅಂದರೆ 380 ಮಿಲಿ ಆಂಪಿಯರ್. ಸಾಮಾನ್ಯವಾಗಿ 50ರ ಒಳಗಿರಬೇಕು. ಲೆಕ್ಕ ಹಾಕಿ: 0.38 ಗುಣಿಸು 24, ದಿನಕ್ಕೆ ಸುಮಾರು 9 ಆಂಪಿಯರ್ ಅವರ್. ನನ್ನದು 70ರ ಬ್ಯಾಟರಿ. ನಾಲ್ಕು ದಿನಕ್ಕೆ ಅರ್ಧಕ್ಕಿಂತ ಜಾಸ್ತಿ ಖಾಲಿ. ಹೊಸ ಬ್ಯಾಟರಿಯೂ ಯಾಕೆ ಮಲಗಿತು ಅಂತ ಆಗ ಗೊತ್ತಾಯಿತು.

ಆಮೇಲೆ ಒಂದೊಂದೇ ಫ್ಯೂಸ್ ಕಿತ್ತು, ಮೀಟರ್ ನೋಡಿ, ಮತ್ತೆ ಸಿಕ್ಕಿಸಿ ಹೋದೆ. ಒಂಬತ್ತನೆಯದು ಕಿತ್ತ ಕೂಡಲೇ 0.38 ಇಳಿದು 0.03ಕ್ಕೆ ನಿಂತಿತು. ಪೆಟ್ಟಿಗೆಯ ಮುಚ್ಚಳದ ಮೇಲಿನ ಪಟ್ಟಿ ನೋಡಿದರೆ ಅದು ಒಳಗಿನ ದೀಪ ಮತ್ತು ಬಾಗಿಲಿನ ಲಾಕಿಂಗ್ ಲೈನ್. ಆ ವೈರಿನ ಜಾಡು ಹಿಡಿದು ಎಡಗಡೆ ಮುಂದಿನ ಸೀಟಿನ ಕಾಲಿಡುವ ಜಾಗಕ್ಕೆ ಬಂದೆ. ಮ್ಯಾಟ್ ಒಣಗಿತ್ತು. ಅದರ ಕೆಳಗಿನ ಕಾರ್ಪೆಟ್ ಒತ್ತಿದರೆ ನೀರು ಪಿಚಕ್ ಅಂತ ಬೆರಳ ಸಂದಿಯಿಂದ ಬಂತು. ಪಕ್ಕದ ಪ್ಲಾಸ್ಟಿಕ್ ಹಲಗೆ ಕಿತ್ತರೆ ಕನೆಕ್ಟರ್ ಒಳಗೆ ತಾಮ್ರದ ಪಾತ್ರೆಗೆ ಹಿಡಿದ ಹಾಗೆ ಹಸಿರು ಕಿಲುಬು. ಆ ಕಿಲುಬಿನಿಂದ ಎರಡು ಪಿನ್ ಒಂದಾಗಿ, ಯಾವುದೋ ಬಾಗಿಲು ತೆರೆದೇ ಇದೆ ಅಂತ ಕಾರಿನ ಕಂಪ್ಯೂಟರ್ ರಾತ್ರಿಯಿಡೀ ಎದ್ದು ಕೂತಿತ್ತು.

ನೀರು ಎಲ್ಲಿಂದ? ಮೇಲಿಂದ. ಸನ್‌ರೂಫ್ ಸುತ್ತ ಇರುವ ರಬ್ಬರ್ ಮಳೆ ನೀರನ್ನು ಪೂರ್ತಿ ತಡೆಯುವುದಿಲ್ಲ. ಅದರ ಕೆಲಸವೂ ಅದಲ್ಲ. ಒಳಗಿಳಿದ ನೀರು ದೋಣಿಯಂಥ ಒಂದು ಸಣ್ಣ ಕಾಲುವೆಗೆ ಬಿದ್ದು, ಮೂಲೆಗಳಲ್ಲಿರುವ ಸಣ್ಣ ಪೈಪುಗಳಿಂದ ಹೊರಗೆ ಹೋಗಬೇಕು. ಮುಂದಿನ ಪೈಪುಗಳು ಗಾಜಿನ ಪಕ್ಕದ ಕಂಬದೊಳಗೆ ಇಳಿಯುತ್ತವೆ. ನನ್ನ ಕಾರಿನಲ್ಲಿ ಎಡಗಡೆಯದು ನೆಲ್ಲಿ ಎಲೆ ಮತ್ತು ಇರುವೆ ಮಣ್ಣಿನಿಂದ ಬಿರಡೆ ಹಾಕಿದ ಹಾಗಾಗಿತ್ತು. ಕಳೆ ಕತ್ತರಿಸುವ ಮಷಿನ್ನಿಗೆ ಹಾಕುವ ನೈಲಾನ್ ದಾರ ತಂದೆ. ತುದಿ ಬೆಂಕಿಗೆ ಹಿಡಿದು ಗುಂಡಗೆ ಮಾಡಿದೆ, ಪೈಪ್ ತೂತಾಗಬಾರದಲ್ಲ. ಮೆಲ್ಲಗೆ ಇಳಿಸಿದೆ. ಕಂಪ್ರೆಸರ್ ಗಾಳಿ ಹೊಡೆಯಬೇಡಿ, ಒಳಗಿನ ಜಾಯಿಂಟ್ ಬಿಟ್ಟುಕೊಂಡರೆ ಛಾವಣಿಯ ಬಟ್ಟೆಯನ್ನೇ ಇಳಿಸಬೇಕಾಗುತ್ತದೆ. ಒಂದು ಚೊಂಬು ನೀರು ಹೊಯ್ದೆ. ಮುಂದಿನ ಚಕ್ರದ ಹಿಂದುಗಡೆ ಧಾರೆ ಬಿತ್ತು. ಕನೆಕ್ಟರ್‌ಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದೆ. ಕಾರ್ಪೆಟ್ ಒಣಗಲು ಅಡಿಕೆ ಒಲೆಯ ಮುಂದೆ ಮೂರು ದಿನ ಬೇಕಾಯಿತು.

ಇನ್ನು ಕೆಳಗಿನಿಂದ ಬರುವ ಕಟ ಕಟ ಸದ್ದು. ನಮ್ಮ ಮಣ್ಣು ರಸ್ತೆಗೆ ಇದು ತಪ್ಪಿದ್ದಲ್ಲ. ಒಂದು ಚಕ್ರ ಮಾತ್ರ ಗುಂಡಿಗೆ ಇಳಿದಾಗ ಸಣ್ಣ ಸದ್ದು ಬಂದರೆ ಮೊದಲು ಲಿಂಕ್ ರಾಡ್ (ಕಾರು ವಾಲದಂತೆ ಹಿಡಿಯುವ ಬಾರನ್ನು ಚಕ್ರದ ಕಡೆಗೆ ಜೋಡಿಸುವ ಸರಳು) ನೋಡಿ, ಅದು ಅಗ್ಗದ ಸಾಮಾನು. ಶಾಕ್ ಅಬ್ಸಾರ್ಬರ್ ಎರಡೂ ಬದಲಿಸಬೇಕು ಅಂದಿದ್ದರು, ನನ್ನದು ಲಿಂಕ್ ರಾಡಿನಲ್ಲೇ ಮುಗಿಯಿತು. ಲೋಯರ್ ಆರ್ಮ್ ಬುಷ್, ಅಂದರೆ ಚಕ್ರ ಹಿಡಿಯುವ ಕೆಳತೋಳಿನ ರಬ್ಬರ್ ಜೋಡಣೆ, ಮಾತ್ರ ಪಾಠ ಕಲಿಸಿತು. ಹೊಸ ಬುಷ್ 8,000 ಕಿ.ಮೀ.ಗೇ ಹರಿಯಿತು. ಸಾಮಾನೇ ಡೂಪ್ಲಿಕೇಟ್ ಅಂತ ಬೈದುಕೊಂಡಿದ್ದೆ. ಪೇಟೆಯ ಹಳೆ ಮೇಸ್ತ್ರಿ ನೋಡಿ ಕೇಳಿದರು, 'ಗೌಡ್ರೇ, ಬೋಲ್ಟ್ ಟೈಟ್ ಮಾಡುವಾಗ ಚಕ್ರ ನೆಲದ ಮೇಲಿತ್ತಾ, ಗಾಳಿಲಿ ನೇತಾಡ್ತಿತ್ತಾ?' ಗಾಳಿಯಲ್ಲಿತ್ತು. ಹಾಗೆ ಬಿಗಿದರೆ ಕಾರು ಇಳಿಸಿದಾಗ ಬುಷ್‌ನ ರಬ್ಬರ್ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಕೊನೆಯ ಬಿಗಿತ ಕಾರಿನ ಭಾರ ಚಕ್ರದ ಮೇಲೆ ಬಿದ್ದ ಮೇಲೆ ಆಗಬೇಕು. ಈಗ ಹಾಗೆ ಮಾಡಿಸಿದ ಬುಷ್ 30,000 ದಾಟಿದೆ.

ಉಡುಪಿಯಲ್ಲಿ ಮದುವೆ ಮುಗಿಸಿ ಏಳು ಜನ ಆಗುಂಬೆ ಘಾಟಿ ಹತ್ತುವಾಗ ಇಂಜಿನ್ ಲೈಟ್ ಬಂತು, ಎಳೆತ ಹೋಯಿತು, ಹಿಂದೆ ಕಪ್ಪು ಹೊಗೆ. ಹೇಗೋ ತೆವಳಿಕೊಂಡು ಮನೆ ಸೇರಿದೆವು. ಮೊಬೈಲಿಗೆ ಜೋಡಿಸುವ ಸ್ಕ್ಯಾನರ್ ಪಿ0299 ಅಂತ ಕೋಡ್ ತೋರಿಸಿತು. ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊದಿಂದ ಬರಬೇಕಾದ ಗಾಳಿಯ ಒತ್ತಡ ಸಾಲದು ಅಂತ ಅರ್ಥ. ಟರ್ಬೊ ಹೋಗಿದೆ ಅಂತ ಅಲ್ಲ! ಆದರೆ ಗ್ಯಾರೇಜಿನಲ್ಲಿ ಓದಿದ್ದು ಹಾಗೇ. ಬಗ್ಗಿ ನೋಡಿದರೆ ಟರ್ಬೊದ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಹೋಸಿನ ಕೆಳಬದಿ ಎಣ್ಣೆ ಜಿಡ್ಡು. ಇಂಜಿನ್ ಸುಮ್ಮನಿದ್ದಾಗ ಏನೂ ಕಾಣದು. ಇನ್ನೊಬ್ಬರು ಆಕ್ಸಿಲರೇಟರ್ ಒತ್ತಿದರೆ ಸೀಳು ಬಾಯಿ ಬಿಟ್ಟು ಬುಸ್ ಅನ್ನುತ್ತಿತ್ತು. ಹೋಸ್, ಎರಡು ಕ್ಲಾಂಪ್. ಅಷ್ಟೇ.

ಬೆಂಗಳೂರಿನ ಭಾವನದು ಬಿಎಸ್6 (ಹೊಗೆ ಮಿತಿಯ ಹೊಸ ನಿಯಮದ) ಡೀಸೆಲ್, 2020ರ ಏಪ್ರಿಲ್ ನಂತರದ್ದು. ಅವನ ಗೋಳು ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರಿನ ಲೈಟ್. ದಿನಕ್ಕೆ ಆರು ಕಿ.ಮೀ. ಟ್ರಾಫಿಕ್‌ನಲ್ಲಿ ತೆವಳಿದರೆ ಆ ಫಿಲ್ಟರಿನ ಮಸಿ ಸುಡಲು ಬೇಕಾದ ಸುಮಾರು 600 ಡಿಗ್ರಿ ಶಾಖ ಎಲ್ಲಿಂದ ಬರಬೇಕು? ಭಾನುವಾರ ತುಮಕೂರು ರಸ್ತೆಯಲ್ಲಿ ಅರ್ಧ ಗಂಟೆ ಒಂದೇ ವೇಗದಲ್ಲಿ ಓಡಿಸು ಅಂದೆ. ಇಂಜಿನ್ ಆಯಿಲ್ ಮಟ್ಟ ಏರಿದೆಯಾ ಅಂತಲೂ ನೋಡಿಸಿದೆ. ಮಸಿ ಸುಡಲು ಇಂಜಿನ್ ಹೆಚ್ಚಿಗೆ ಬಿಡುವ ಡೀಸೆಲ್, ಸುಡುವುದು ಅರ್ಧಕ್ಕೇ ನಿಂತು ನಿಂತು ಆಯಿಲಿಗೆ ಸೇರುತ್ತದೆ. ಹಾಗೆ ಓಡಿಸಿಯೂ ಲೈಟ್ ಆರದಿದ್ದರೆ ಸರ್ವಿಸ್‌ಗೆ ಹೋಗಲೇಬೇಕು.

ಇಲಿ ವೈರ್ ಕಡಿಯುವುದಕ್ಕೆ ಹೊಗೆಸೊಪ್ಪು, ನುಸಿಗುಳಿಗೆ ಎಲ್ಲ ಇಟ್ಟೆ. ನಮ್ಮ ಇಲಿಗಳು ಕೇರ್ ಮಾಡಲಿಲ್ಲ. ಕಾರನ್ನು ಹಿಂಡಿ ಚೀಲದ ಕೋಣೆಯಿಂದ ದೂರ ನಿಲ್ಲಿಸಿದ ಮೇಲೆ ಕಡಿಮೆಯಾಯಿತು. ಏರ್‌ಬ್ಯಾಗ್ ಲೈಟ್ ಬಂದಾಗ ಮಾತ್ರ ನಾನು ಕೈ ಹಾಕಲಿಲ್ಲ. ಸೀಟಿನ ಕೆಳಗಿನ ಹಳದಿ ಕನೆಕ್ಟರ್ ಸಡಿಲ ಅಂತ ಅನುಮಾನ ಇತ್ತು. ಆದರೂ ಗೊತ್ತಿದ್ದವರ ಹತ್ತಿರವೇ ಹೋದೆ.

ಈಗ ಉಳಿದಿರುವುದು ಹಿಂದಿನ ವೈಪರ್. ಬಿಸಿಲಲ್ಲಿ ಚೆನ್ನಾಗಿ ಓಡುತ್ತದೆ, ಮಳೆ ಬಂದರೆ ಗಾಜಿನ ಅರ್ಧಕ್ಕೇ ನಿಲ್ಲುತ್ತದೆ. ಫ್ಯೂಸ್ ಸರಿ ಇದೆ, ಮೋಟಾರಿಗೆ ನೇರ ಕರೆಂಟ್ ಕೊಟ್ಟರೆ ತಿರುಗುತ್ತದೆ. ಡಿಕ್ಕಿ ಬಾಗಿಲಿನ ಕೀಲಿನ ಹತ್ತಿರದ ರಬ್ಬರ್ ತೋಳಿನೊಳಗೆ ವೈರ್ ಮುರಿದಿದೆಯಾ ಅಂತ ಈ ಭಾನುವಾರ ಬಿಚ್ಚಿ ನೋಡಬೇಕು.